ಕೊನೆಯ ಐವತ್ತು ಕಿಲೋಮೀಟರ್: ಹಿಮಾಲಯನ್ 411 ಬೈಕಿನಲ್ಲಿ ನಾಲ್ಕು ವರ್ಷದ ಪ್ರವಾಸ

ದಾವಣಗೆರೆಯಿಂದ ನಸುಕಿನಲ್ಲಿ ಹೊರಟು ಹೊನ್ನಾಳಿ, ಶಿವಮೊಗ್ಗ, ತೀರ್ಥಹಳ್ಳಿಗಳನ್ನು ದಾಟಿ, ಆಗುಂಬೆ ಘಾಟಿ ಇಳಿದು, ಹೆಬ್ರಿ, ಕಾರ್ಕಳಗಳ ಮೇಲೆ ಹಾದು, ಮಾಳದಿಂದ ಮತ್ತೆ ಘಟ್ಟ ಹತ್ತಿ, ಕುದುರೆಮುಖದ ಮೂಲಕ ಕಳಸ ಸೇರುವ ದಾರಿ ಸುಮಾರು 300 ಕಿಲೋಮೀಟರ್ ಆಗುತ್ತದೆ. ಈ ದಾರಿಯನ್ನು ನಾನು ಬೇರೆ ಬೇರೆ ಬೈಕುಗಳಲ್ಲಿ ಹಲವು ಬಾರಿ ಸವೆಸಿದ್ದೇನೆ. ಬೈಕು ಎಂಥದ್ದೆಂಬುದು ಹೊನ್ನಾಳಿಯ ತನಕ ತಿಳಿಯುವುದಿಲ್ಲ, ಶಿವಮೊಗ್ಗ ಬಂದರೂ ತಿಳಿಯುವುದಿಲ್ಲ. ಬೆಳಗಿನ ಹುರುಪಿನಲ್ಲಿ ಎಲ್ಲ ಬೈಕುಗಳೂ ಒಳ್ಳೆಯವೇ. ಮಾಳ ಬಿಟ್ಟು ಮೇಲೇರುವಾಗ, ಸಂಜೆ ನಾಲ್ಕರ ಬಿಸಿಲು ಮರಗಳ ಸಂದಿಯಿಂದ ರಸ್ತೆಗೆ ಅಡ್ಡಡ್ಡ ಬಿದ್ದು ಒಂದು ಗಳಿಗೆ ಬೆಳಕು, ಒಂದು ಗಳಿಗೆ ಕತ್ತಲೆ ಆಗುವಾಗ, ಸವಾರನ ಬೆನ್ನು, ಮಣಿಕಟ್ಟು, ಕಣ್ಣು ಮತ್ತು ತಲೆ ಯಾವ ಸ್ಥಿತಿಯಲ್ಲಿ ಉಳಿದಿವೆ ಎಂಬುದೇ ಪ್ರವಾಸದ ಬೈಕಿಗೆ ನಾನು ಇಟ್ಟುಕೊಂಡಿರುವ ಅಳತೆಗೋಲು. ಬೈಕ್ ಪ್ರವಾಸದ ಸುಖವೂ ಅಪಾಯವೂ ಒಟ್ಟಿಗೆ ಬಂದು ಸೇರುವುದು ಆ ಕೊನೆಯ ಐವತ್ತು ಕಿಲೋಮೀಟರಿನಲ್ಲಿ. ದಿನದ ಅತ್ಯಂತ ಚೆಲುವಾದ ದಾರಿ ಎದುರಿಗಿರುವಾಗಲೇ ಮೈ ಸೋತಿರುತ್ತದೆ, ಊರು ಮುಟ್ಟುವ ಆತುರ ಹುಟ್ಟಿರುತ್ತದೆ. ಆ ಹೊತ್ತಿಗೆ ಸವಾರನಲ್ಲಿ ಎಷ್ಟು ಎಚ್ಚರವನ್ನು ಬೈಕು ಉಳಿಸಿಕೊಟ್ಟಿದೆ ಎಂಬ ಒಂದೇ ಪ್ರಶ್ನೆಯನ್ನಿಟ್ಟುಕೊಂಡು ಈ ವಿಮರ್ಶೆಯನ್ನು ಬರೆಯುತ್ತಿದ್ದೇನೆ.

ನನ್ನದು 2021ರಲ್ಲಿ ಕೊಂಡ ಬಿಎಸ್-6 (ವಾಹನದ ಹೊಗೆಗೆ ಮಿತಿ ಹಾಕುವ ಸರ್ಕಾರಿ ನಿಯಮ) ಮಾದರಿಯ ರಾಯಲ್ ಎನ್‌ಫೀಲ್ಡ್ ಹಿಮಾಲಯನ್. ಈ ಬೈಕು ಮೊದಲು ಮಾರುಕಟ್ಟೆಗೆ ಬಂದದ್ದು 2016ರಲ್ಲಿ. 2023ರ ಕೊನೆಯಲ್ಲಿ 452 ಸಿಸಿಯ ಹೊಸ ಹಿಮಾಲಯನ್ 450 ಬಂದ ಮೇಲೆ ಹಳೆಯದರ ಮಾರಾಟ ನಮ್ಮಲ್ಲಿ ನಿಂತುಹೋಯಿತು. ನಿಂತುಹೋದ ಬೈಕಿನ ವಿಮರ್ಶೆ ಈಗೇಕೆ ಎಂದು ಕೇಳಬಹುದು. ಹಳೆಯದು ಈಗ ಸೆಕೆಂಡ್ ಹ್ಯಾಂಡ್ ಮಾರುಕಟ್ಟೆಯಲ್ಲಿ ಧಾರಾಳವಾಗಿ ಸಿಗುತ್ತದೆ. ಮೊದಲ ಬಾರಿಗೆ ದೂರದ ಪ್ರವಾಸಕ್ಕೆ ಬೈಕು ಹುಡುಕುವ ಹುಡುಗರು ಹೆಚ್ಚಾಗಿ ವಿಚಾರಿಸುವುದು ಇದನ್ನೇ. ನನ್ನ ಬೈಕು ಇಷ್ಟರಲ್ಲಿ 46,000 ಕಿಲೋಮೀಟರ್ ದಾಟಿದೆ. ಅದರಲ್ಲಿ ಊರೊಳಗಿನ ಓಡಾಟ ಕಡಿಮೆ, ಘಟ್ಟದ ರಸ್ತೆ ಮತ್ತು ಬಯಲುಸೀಮೆಯ ಹೆದ್ದಾರಿಗಳೇ ಹೆಚ್ಚು.

ಎಂಜಿನ್ನಿನ ಲೆಕ್ಕ ಮೊದಲು ನೋಡೋಣ. 411 ಸಿಸಿಯ ಒಂಟಿ ಸಿಲಿಂಡರು, 24.3 ಅಶ್ವಶಕ್ತಿ, ಐದು ಗೇರು. ಕಾಗದದ ಮೇಲೆ ಇದು ದೊಡ್ಡ ಸಂಖ್ಯೆಯಲ್ಲ; ಇದಕ್ಕಿಂತ ಚಿಕ್ಕ ಎಂಜಿನ್ನಿನಿಂದ ಇದಕ್ಕಿಂತ ಹೆಚ್ಚು ಶಕ್ತಿ ತೆಗೆಯುವ ಬೈಕುಗಳು ಎಷ್ಟೋ ಇವೆ. ಆದರೆ ಸಿಲಿಂಡರಿನ ಅಗಲ 78 ಮಿಲಿಮೀಟರ್ ಇದ್ದರೆ ಪಿಸ್ಟನ್ ಮೇಲೆ ಕೆಳಗೆ ಓಡುವ ದೂರ 86 ಮಿಲಿಮೀಟರ್ ಇದೆ. ಹೀಗೆ ಉದ್ದ ಓಟದ ಎಂಜಿನ್ನು ಕಡಿಮೆ ಸುತ್ತುಗಳಲ್ಲಿಯೇ ಎಳೆತ ಕೊಡುತ್ತದೆ: 32 ನ್ಯೂಟನ್ ಮೀಟರಿನ ಪೂರ್ತಿ ಎಳೆತ 4,000 ಮತ್ತು 4,500 ಸುತ್ತುಗಳ ನಡುವೆ ಸಿಗುತ್ತದೆ. ಕೈಯಲ್ಲಿ ಹಿಡಿದವನಿಗೆ ಇದರ ಅರ್ಥ ಆಗುಂಬೆಯ ಘಾಟಿಯಲ್ಲಿ ತಿಳಿಯುತ್ತದೆ. ಅಲ್ಲಿ 14 ಹೇರ್‌ಪಿನ್ ತಿರುವುಗಳಿವೆ. ಕೆಳಗಿನಿಂದ ಹತ್ತುವಾಗ ಪ್ರತಿ ತಿರುವಿಗೂ ಗೇರು ಇಳಿಸಿ, ಎಂಜಿನ್ನನ್ನು ಕಿರುಚಿಸಿ, ಕ್ಲಚ್ಚನ್ನು ಅರ್ಧ ಹಿಡಿದು ಸರ್ಕಸ್ಸು ಮಾಡಬೇಕಾಗಿಲ್ಲ. ಎರಡನೆಯ ಗೇರಿನಲ್ಲಿ ತಾಳ್ಮೆಯಿಂದ ಆಕ್ಸಿಲೇಟರು ಕೊಟ್ಟರೆ, ಎತ್ತು ನೊಗಕ್ಕೆ ಹೆಗಲು ಕೊಟ್ಟಂತೆ ಬೈಕು ಒಂದೇ ಹದದಲ್ಲಿ ಮೇಲೇರುತ್ತದೆ. ಎಡಗೈಗೆ ದಣಿವಿಲ್ಲ. ಎದುರಿನ ಬಸ್ಸು ತಿರುವಿನಲ್ಲಿ ರಸ್ತೆಯಿಡೀ ಹಿಡಿದು ಬಂದರೂ ನಿಂತು ಮತ್ತೆ ಹೊರಡುವುದು ಕಷ್ಟವಾಗುವುದಿಲ್ಲ.

ಹೆದ್ದಾರಿಯ ಮಾತು ಬೇರೆ. ಐದನೆಯ ಗೇರಿನಲ್ಲಿ ಗಂಟೆಗೆ 80 ಕಿಲೋಮೀಟರಿನ ಆಸುಪಾಸಿನಲ್ಲಿ ಎಂಜಿನ್ನು ಸುಮಾರು 4,000 ಸುತ್ತಿನಲ್ಲಿರುತ್ತದೆ, ಮತ್ತು ಅದರ ಮನಸ್ಸು ಅಲ್ಲಿಯೇ ಇದೆ. ನೂರು ದಾಟಿಸಬಹುದು, ಆದರೆ ಅಲ್ಲಿಂದ ಮುಂದೆ ಓವರ್‌ಟೇಕ್ ಮಾಡಲು ಮಿಗುವ ಶಕ್ತಿ ಕಡಿಮೆ. ನೂರಿಪ್ಪತ್ತರಲ್ಲಿ ದಿನವಿಡೀ ಓಡಬೇಕೆನ್ನುವವರಿಗೆ ಈ ಬೈಕು ಹೇಳಿ ಮಾಡಿಸಿದ್ದಲ್ಲ, ಅದನ್ನು ಮುಚ್ಚಿಟ್ಟು ಪ್ರಯೋಜನವಿಲ್ಲ. ನನಗೆ ಮಾತ್ರ ಇದು ಕೊರತೆಯಾಗಿ ಕಂಡಿಲ್ಲ, ಏಕೆಂದರೆ ನಮ್ಮ ರಸ್ತೆಗಳಲ್ಲಿ ವೇಗದ ಲೆಕ್ಕ ಎಷ್ಟು ನಿರ್ದಯವಾದದ್ದೆಂಬುದನ್ನು ಒಮ್ಮೆ ಕುಳಿತು ಗುಣಿಸಿ ನೋಡಿದ್ದೇನೆ. ಬ್ರೇಕು ಹಿಡಿದ ಮೇಲೆ ನಿಲ್ಲುವ ದೂರವು ವೇಗದ ವರ್ಗದಷ್ಟು ಬೆಳೆಯುತ್ತದೆ. 60ರಲ್ಲಿ 20 ಮೀಟರಿನೊಳಗೆ ನಿಲ್ಲುವ ಬೈಕಿಗೆ ಅದೇ ರಸ್ತೆಯಲ್ಲಿ 80ರಲ್ಲಿ 36 ಮೀಟರ್ ಬೇಕು, 100ರಲ್ಲಿ 56 ಮೀಟರ್ ಬೇಕು. ಇದರ ಮೇಲೆ, ಎದುರಿಗೆ ಎಮ್ಮೆ ಬಂದದ್ದನ್ನು ಕಣ್ಣು ಕಂಡು ಕೈ ಬ್ರೇಕಿಗೆ ಹೋಗುವಷ್ಟರಲ್ಲಿ ಒಂದು ಸೆಕೆಂಡು ಕಳೆದರೆ, ನೂರರ ವೇಗದಲ್ಲಿ ಆ ಒಂದು ಸೆಕೆಂಡಿಗೆ ಸುಮಾರು 28 ಮೀಟರ್ ಹೋಗಿಬಿಟ್ಟಿರುತ್ತದೆ. ಬೆಳಿಗ್ಗೆ ಒಂದು ಸೆಕೆಂಡು ಸಾಕಾಗುವ ಕೆಲಸಕ್ಕೆ ಸಂಜೆ ನಾಲ್ಕರ ನಂತರ ಒಂದೂವರೆ ಸೆಕೆಂಡು ಬೇಕಾಗಬಹುದು. ಆಯಾಸವೆಂದರೆ ಮೈ ನೋವು ಮಾತ್ರವಲ್ಲ, ಆ ಅರ್ಧ ಸೆಕೆಂಡು. ಎಂಬತ್ತರಲ್ಲಿ ಸಮಾಧಾನವಾಗಿರುವ ಬೈಕು ಸವಾರನನ್ನೂ ಎಂಬತ್ತರಲ್ಲಿ ಸಮಾಧಾನವಾಗಿ ಇಡುತ್ತದೆ ಎಂಬುದು ನಾಲ್ಕು ವರ್ಷದಲ್ಲಿ ನನಗೆ ಮನವರಿಕೆಯಾದ ವಿಷಯ.

ಅಪಾಯದ ಮಾತನ್ನು ಬೈಕಿನವರು ಸಾಮಾನ್ಯವಾಗಿ ಎತ್ತುವುದಿಲ್ಲ, ಎತ್ತಿದರೆ ಮನೆಯವರು ಕಳಿಸುವುದಿಲ್ಲವೆಂಬ ಭಯ. ಆದರೆ ಕೇಂದ್ರ ರಸ್ತೆ ಸಾರಿಗೆ ಸಚಿವಾಲಯದ ವರದಿಯ ಪ್ರಕಾರ 2022ರಲ್ಲಿ ನಮ್ಮ ದೇಶದ ರಸ್ತೆಗಳಲ್ಲಿ 1,68,491 ಮಂದಿ ಪ್ರಾಣ ಕಳೆದುಕೊಂಡರು, ಅವರಲ್ಲಿ ಶೇಕಡಾ 44.5ರಷ್ಟು ಮಂದಿ ದ್ವಿಚಕ್ರ ವಾಹನಗಳಲ್ಲಿದ್ದವರು. ಇದನ್ನು ತಿಳಿದೂ ಹೊರಡುವವನು ತನ್ನ ಬೈಕನ್ನು ಅಂದಚೆಂದದಿಂದ ಅಳೆಯಬಾರದು.

ಈ ಬೈಕಿನಲ್ಲಿ ನನಗೆ ಎಲ್ಲಕ್ಕಿಂತ ಹೆಚ್ಚು ಬೆಲೆಯೆನಿಸಿದ್ದು ಅದರ ಮುಂದಿನ ಚಕ್ರ. ಅದು 21 ಇಂಚಿನದು, ಹಿಂದಿನದು 17 ಇಂಚಿನದು. ಹಳ್ಳಿಯ ಬಂಡಿಯ ಗಾಲಿ ಏಕೆ ದೊಡ್ಡದಿರುತ್ತದೆಯೋ ಅದೇ ಕಾರಣಕ್ಕೆ ಇಲ್ಲಿಯೂ ದೊಡ್ಡದಿದೆ: ಗುಂಡಿಯ ಅಂಚಿಗೆ ತಾಗುವಾಗ ಸಣ್ಣ ಚಕ್ರ ಒಳಗೆ ಬಿದ್ದು ಏಳುತ್ತದೆ, ದೊಡ್ಡ ಚಕ್ರ ಅದರ ಮೇಲೆ ಉರುಳಿ ಹೋಗುತ್ತದೆ. ಮುಂದಿನ ಫೋರ್ಕಿಗೆ 200 ಮಿಲಿಮೀಟರ್, ಹಿಂದಿನ ಶಾಕ್ ಅಬ್ಸಾರ್ಬರಿಗೆ 180 ಮಿಲಿಮೀಟರ್ ಓಟವಿದೆ. ನೆಲದಿಂದ ಬೈಕಿನ ಹೊಟ್ಟೆಗೆ 220 ಮಿಲಿಮೀಟರ್ ಅಂತರವಿದೆ. ಮಳೆಗಾಲ ಮುಗಿದ ಮೇಲೆ ಮಲೆನಾಡಿನ ರಸ್ತೆಗಳು ಯಾವ ಗತಿಗೆ ಬಂದಿರುತ್ತವೆ ಎಂಬುದನ್ನು ನೋಡಿದವರಿಗೆ ಈ ಸಂಖ್ಯೆಗಳ ಬೆಲೆ ತಿಳಿಯುತ್ತದೆ. ತಿಳಿಯದೆ ಬಂದ ಹಂಪನ್ನು, ಅಂದರೆ ಬಣ್ಣ ಬಳಿಯದ, ಫಲಕವಿಲ್ಲದ, ಊರ ಮುಂದೆ ಯಾರೋ ಎಬ್ಬಿಸಿದ ಹಂಪನ್ನು, ಈ ಬೈಕು ಕ್ಷಮಿಸುತ್ತದೆ. ನನ್ನ ಹಿಂದಿನ ಬೈಕಿನಲ್ಲಿ ಅಂಥ ಪ್ರತಿಯೊಂದು ಹಂಪೂ ಸೊಂಟಕ್ಕೆ ಬಂದು ತಾಗುತ್ತಿತ್ತು, ಮುನ್ನೂರು ಕಿಲೋಮೀಟರಿಗೆ ಅದರ ಲೆಕ್ಕ ರಾತ್ರಿ ಮಲಗುವಾಗ ಸಿಗುತ್ತಿತ್ತು.

ನಮ್ಮ ದಾವಣಗೆರೆ ಜಿಲ್ಲೆಯ ಒಂದು ಅಪಾಯವನ್ನು ಇಲ್ಲಿ ವಿವರವಾಗಿ ಹೇಳಬೇಕು, ಏಕೆಂದರೆ ಹೊರಗಿನಿಂದ ಬರುವ ಸವಾರರಿಗೆ ಇದು ಗೊತ್ತಿರುವುದಿಲ್ಲ. ಮೆಕ್ಕೆಜೋಳದ ಸುಗ್ಗಿಯಲ್ಲಿ ರೈತರು ರಸ್ತೆಯ ಅರ್ಧ ಭಾಗದಲ್ಲಿ ಕಾಳು ಒಣಹಾಕುತ್ತಾರೆ. ಕಣಗಳಿಲ್ಲದ ಊರಿನಲ್ಲಿ ಅವರಿಗೂ ಬೇರೆ ಜಾಗವಿಲ್ಲ, ಡಾಂಬರಿನ ಬಿಸಿಗೆ ಕಾಳು ಬೇಗ ಒಣಗುತ್ತದೆ. ವಾಹನಗಳು ಕಾಳಿನ ಮೇಲೆ ಹಾಯದಿರಲೆಂದು ಸುತ್ತಲೂ ತಲೆಗಾತ್ರದ ಕಲ್ಲುಗಳನ್ನು ಸಾಲಾಗಿ ಇಡುತ್ತಾರೆ. ಸಂಜೆ ಕಾಳನ್ನು ಚೀಲಕ್ಕೆ ತುಂಬಿಕೊಂಡು ಹೋಗುತ್ತಾರೆ, ಕಲ್ಲುಗಳು ಮಾತ್ರ ಅಲ್ಲೇ ಉಳಿಯುತ್ತವೆ. ಹಗಲಿನಲ್ಲಿ ಹಳದಿ ಕಾಳಿನ ಅಂಚಾಗಿ ಎದ್ದು ಕಾಣುತ್ತಿದ್ದ ಕಲ್ಲು ಕತ್ತಲೆಯಲ್ಲಿ ಡಾಂಬರಿನದೇ ಬಣ್ಣಕ್ಕೆ ತಿರುಗುತ್ತದೆ. ಕಲ್ಲು ತೆಗೆದಿದ್ದರೂ ಚೆಲ್ಲಿದ ಕಾಳು ರಸ್ತೆಯಲ್ಲಿ ಗೋಲಿಗಳಂತೆ ಬಿದ್ದಿರುತ್ತದೆ. ಅದರ ಮೇಲೆ ಬ್ರೇಕು ಹಿಡಿದರೆ ಚಕ್ರ ಲಾಕ್ ಆಗದಂತೆ ತಡೆಯುವ ಎಬಿಎಸ್ಸೂ ಕಾಯುವುದಿಲ್ಲ. ಹುರುಳಿ ಒಕ್ಕುವ ಕಾಲದಲ್ಲಿ ಚಿತ್ರದುರ್ಗ, ತುಮಕೂರು ಕಡೆ ಬಳ್ಳಿಯನ್ನೇ ರಸ್ತೆಯಗಲಕ್ಕೆ ಹರಡಿ ವಾಹನಗಳಿಂದ ತುಳಿಸುತ್ತಾರೆ. ಲಾರಿಗೆ ಅದು ಏನೂ ಅಲ್ಲ. ಬೈಕಿನವನು ಮಾತ್ರ ಅಲ್ಲಿ ಹ್ಯಾಂಡಲ್ಲನ್ನು ನೇರವಾಗಿ ಹಿಡಿದು, ಬ್ರೇಕು ಮುಟ್ಟದೆ, ಎರಡೂ ಕಾಲುಗಳನ್ನು ಇಳಿಬಿಟ್ಟು ನಡಿಗೆಯ ವೇಗದಲ್ಲಿ ದಾಟಬೇಕು. ಸೀಟಿನ ಎತ್ತರ 800 ಮಿಲಿಮೀಟರ್ ಇರುವುದರಿಂದ ಐದಡಿ ಐದಂಗುಲದ ನನ್ನಂಥವನ ಪಾದಗಳು ಆ ಹೊತ್ತಿನಲ್ಲಿ ನೆಲಕ್ಕೆ ಸಿಗುತ್ತವೆ. ಎತ್ತರದ ಬೈಕನ್ನು ಅಂಗಡಿಯಲ್ಲಿ ನಿಂತು ಮೆಚ್ಚಿಕೊಳ್ಳುವವರು ಹುರುಳಿ ಬಳ್ಳಿಯ ಮೇಲೆ ನಿಂತಿರುವುದಾಗಿ ಊಹಿಸಿಕೊಂಡು ಸೀಟಿನ ಮೇಲೆ ಕುಳಿತು ನೋಡುವುದು ಒಳ್ಳೆಯದು.

ದೊಡ್ಡ ಚಕ್ರಕ್ಕೆ ಕಡ್ಡಿಗಳಿವೆ, ಕಡ್ಡಿಯಿರುವ ಈ ಚಕ್ರಕ್ಕೆ ಒಳಗೆ ಟ್ಯೂಬಿದೆ. ಟ್ಯೂಬ್‌ಲೆಸ್ ಟೈರಿನಲ್ಲಿ ಮೊಳೆ ಚುಚ್ಚಿದರೆ ಚಕ್ರ ಬಿಚ್ಚದೆ ಹತ್ತು ನಿಮಿಷದಲ್ಲಿ ಮುಚ್ಚಬಹುದು. ಟ್ಯೂಬಿಗೆ ಚುಚ್ಚಿದರೆ ಚಕ್ರ ಕಳಚಿ, ಟೈರನ್ನು ರಿಮ್ಮಿನಿಂದ ಎಬ್ಬಿಸಿ, ಟ್ಯೂಬು ಹೊರತೆಗೆಯಬೇಕು. ಎರಡು ವರ್ಷದ ಹಿಂದೆ ಹೊಸದುರ್ಗದಿಂದ ಬರುವಾಗ ಹಿಂದಿನ ಚಕ್ರ ಇದ್ದಕ್ಕಿದ್ದಂತೆ ಆ ಕಡೆ ಈ ಕಡೆ ಓಲಾಡತೊಡಗಿತು. ಟ್ಯೂಬಿನ ಗಾಳಿ ಒಮ್ಮೆಗೇ ಹೋಗುತ್ತದೆ ಎನ್ನುವುದು ಅದರ ನಿಜವಾದ ಅಪಾಯ. ಅಂದು ನಾನು ಅರವತ್ತರಲ್ಲಿದ್ದೆ, ಬ್ರೇಕು ಹಾಕದೆ ಆಕ್ಸಿಲೇಟರು ಬಿಟ್ಟು ನಿಧಾನಕ್ಕೆ ನಿಲ್ಲಿಸಲು ಸಾಧ್ಯವಾಯಿತು. ಒಂದು ಕಿಲೋಮೀಟರ್ ತಳ್ಳಿದ ಮೇಲೆ ಬೇವಿನ ಮರದ ಕೆಳಗೆ ಪಂಕ್ಚರ್ ಅಂಗಡಿ ಸಿಕ್ಕಿತು. ಅಂಗಡಿಯ ಹಿರಿಯರು ಸೆಂಟರ್ ಸ್ಟ್ಯಾಂಡ್ ಹಾಕಿಸಿ ಚಕ್ರ ಬಿಚ್ಚಿದರು. ಟ್ಯೂಬಿಗೆ ಗಾಳಿ ತುಂಬಿ ಬಾಣಲೆಯ ನೀರಿನಲ್ಲಿ ತಿರುಗಿಸುತ್ತ ಹೋದಂತೆ ಒಂದು ಕಡೆ ಗುಳ್ಳೆಗಳ ಸಾಲು ಎದ್ದಿತು. ಟೈರಿನ ಒಳಗೆ ಬಟ್ಟೆಯಿಂದ ಸವರಿ, ಇಕ್ಕಳದಿಂದ ಅಂಗುಲದಷ್ಟು ಉದ್ದದ ಚಪ್ಪಟೆ ಮೊಳೆಯೊಂದನ್ನು ಎಳೆದು ನನ್ನ ಅಂಗೈಗೆ ಹಾಕಿ, "ಎತ್ತಿನ ಲಾಳದ ಮೊಳೆ ಇದು ತಮ್ಮಾ. ಸಂತೆ ದಿನ ಈ ದಾರೀಲಿ ಬಂದೋರಿಗೆಲ್ಲ ಇದೇ" ಎಂದರು. ಸೆಂಟರ್ ಸ್ಟ್ಯಾಂಡ್ ಇಲ್ಲದ ಬೈಕಾಗಿದ್ದರೆ ಕೆಳಗೆ ಕಲ್ಲು ಜೋಡಿಸಿ ನಿಲ್ಲಿಸಬೇಕಾಗುತ್ತಿತ್ತು. ಈ ಬೈಕಿಗೆ ಅದು ಕಂಪನಿಯಿಂದಲೇ ಬರುತ್ತದೆ. ಅಂದಿನಿಂದ ಮುಂದಿನ, ಹಿಂದಿನ ಚಕ್ರಕ್ಕೆ ಒಂದೊಂದು ಟ್ಯೂಬು, ಟೈರು ಎಬ್ಬಿಸುವ ಎರಡು ಕಬ್ಬಿಣ ಮತ್ತು ಕೈಪಂಪು ನನ್ನ ಚೀಲದಲ್ಲಿ ಇದ್ದೇ ಇರುತ್ತವೆ. ಹೊಸ 450ರಲ್ಲಿ ಟ್ಯೂಬ್‌ಲೆಸ್ ಕಡ್ಡಿಚಕ್ರಗಳೂ ಸಿಗುವಂತಾಗಿದೆ. ಹಣವಿರುವವರು ಅದನ್ನು ಬಿಡಬಾರದು.

ರಾತ್ರಿ ಸವಾರಿಯ ವಿಷಯದಲ್ಲಿ ನನ್ನ ಅಭಿಪ್ರಾಯ ಕಟ್ಟುನಿಟ್ಟಾದದ್ದು. ಹಿಮಾಲಯನ್‌ನ ಹ್ಯಾಲೊಜನ್ ದೀಪ ಊರಿನ ಸುತ್ತಮುತ್ತಲಿನ ಓಡಾಟಕ್ಕೆ ಸಾಲುತ್ತದೆ. ಆದರೆ ಯಾವ ದೀಪವಿದ್ದರೂ ಪ್ರವಾಸದಲ್ಲಿ ಕತ್ತಲಾದ ಮೇಲೆ ಓಡಿಸಬಾರದೆಂದು ನಾನು ನಿಶ್ಚಯಿಸಿದ್ದೇನೆ. ಕಬ್ಬಿನ ಕಾಲದಲ್ಲಿ ಮಂಡ್ಯ, ಬೆಳಗಾವಿ ಕಡೆ ಓಡಾಡಿದವರಿಗೆ ಕಾರಣ ಹೇಳಬೇಕಾಗಿಲ್ಲ: ಎರಡೆರಡು ಟ್ರೈಲರು ಕಟ್ಟಿಕೊಂಡು, ಹಿಂದೆ ಕೆಂಪು ದೀಪವಾಗಲಿ ಹೊಳೆಯುವ ಪಟ್ಟಿಯಾಗಲಿ ಇಲ್ಲದ ಟ್ರ್ಯಾಕ್ಟರು ಕತ್ತಲೆಯ ಒಂದು ತುಂಡಿನಂತೆ ಎದುರಿಗಿರುತ್ತದೆ, ಹೊರಚಾಚಿದ ಕಬ್ಬಿನ ತುದಿಗಳು ಸರಿಯಾಗಿ ಸವಾರನ ಎದೆಯ ಎತ್ತರಕ್ಕೇ ಇರುತ್ತವೆ. ಕಾಡಿನ ದಾರಿಗಳಲ್ಲಿ ಈ ತೀರ್ಮಾನವನ್ನು ಸರ್ಕಾರವೇ ನಮಗಾಗಿ ಮಾಡಿದೆ. ಬಂಡೀಪುರದ ಮೂಲಕ ರಾತ್ರಿ ಒಂಬತ್ತರಿಂದ ಬೆಳಿಗ್ಗೆ ಆರರವರೆಗೆ ವಾಹನ ಸಂಚಾರಕ್ಕೆ 2009ರಿಂದ ನಿರ್ಬಂಧವಿದೆ. ಅದು ಪ್ರಾಣಿಗಳಿಗಾಗಿ ಬಂದ ನಿರ್ಬಂಧವಾದರೂ ಅದರಿಂದ ಉಳಿದ ಸವಾರರ ಜೀವಗಳೂ ಇದ್ದೇ ಇರುತ್ತವೆ.

ಈ ಬೈಕಿನಿಂದ ನಾನು ಬಿದ್ದದ್ದು ಒಂದೇ ಸಲ, ಚಾರ್ಮಾಡಿ ಘಾಟಿಯಲ್ಲಿ. ಅಕ್ಟೋಬರ್ ತಿಂಗಳು. ಕೊಟ್ಟಿಗೆಹಾರದಲ್ಲಿ ನೀರುದೋಸೆ ತಿಂದು ಕೆಳಗಿಳಿಯತೊಡಗಿದಾಗ ಮಂಜು ಕವಿದಿತ್ತು, ಜೊತೆಗೆ ಸಣ್ಣ ಹನಿ. 2019ರ ಆಗಸ್ಟ್‌ನಲ್ಲಿ ಗುಡ್ಡ ಕುಸಿದು ತಿಂಗಳುಗಟ್ಟಲೆ ಮುಚ್ಚಿದ್ದ ರಸ್ತೆ ಅದು, ಹಾಗಾಗಿ ಕಣ್ಣೆಲ್ಲ ಬಲಗಡೆಯ ಧರೆಯ ಮೇಲೆಯೇ ಇತ್ತು. ಅಪಾಯ ನೆಲದಲ್ಲಿತ್ತು. ಹೇರ್‌ಪಿನ್ ತಿರುವಿನಲ್ಲಿ ಯಾವುದೋ ವಾಹನದ ತುಂಬಿದ ಟ್ಯಾಂಕಿನಿಂದ ತುಳುಕಿದ ಡೀಸೆಲ್ಲು ಒದ್ದೆ ಡಾಂಬರಿನ ಮೇಲೆ ನವಿಲುಗರಿಯ ಬಣ್ಣದಲ್ಲಿ ಹರಡಿತ್ತು. ಅದನ್ನು ಕಂಡೆ, ಕಂಡ ಕ್ಷಣದಲ್ಲಿಯೇ ಮುಂದಿನ ಚಕ್ರ ಜಾರಿತು. ವೇಗ ಇಪ್ಪತ್ತು ಇದ್ದಿರಬಹುದು. ಬ್ರೇಕು ಹಿಡಿದಿರಲೇ ಇಲ್ಲ, ಆದ್ದರಿಂದ ಎರಡೂ ಚಕ್ರಕ್ಕಿದ್ದ ಎಬಿಎಸ್ಸಿಗೆ ಅಲ್ಲಿ ಕೆಲಸವಿರಲಿಲ್ಲ; ಎಬಿಎಸ್ಸು ಚಕ್ರ ಲಾಕ್ ಆಗದಂತೆ ತಡೆಯುತ್ತದೆಯೇ ಹೊರತು ವಾಲಿದ ಬೈಕಿಗೆ ಹಿಡಿತ ತಂದುಕೊಡುವುದಿಲ್ಲ. ಬಲ ಮೊಣಕೈ ಮತ್ತು ಮೊಣಕಾಲು ನೆಲಕ್ಕೆ ಬಡಿದವು, 199 ಕಿಲೋ ತೂಕದ ಬೈಕು ಲಗೇಜಿನ ಸಮೇತ ನನ್ನಿಂದ ಎರಡು ಮಾರು ದೂರ ಜಾರಿ ಹೋಗಿ ನಿಂತಿತು. ಹಿಂದಿನಿಂದ ಬರುತ್ತಿದ್ದ ಬಸ್ಸು ನಿಂತಿತು. ಕಂಡಕ್ಟರ್ ಇಳಿದು ಬಂದು, "ಪೆಟ್ಟಾಯ್ತಾ ಮಾರಾಯ್ರೆ? ಮೊದ್ಲು ನೀವು ಬದಿಗೆ ಬನ್ನಿ, ಗಾಡಿ ನಾವು ಎತ್ತುವ" ಎಂದು ಹೇಳಿ, ಇನ್ನಿಬ್ಬರನ್ನು ಕರೆದು ಬೈಕನ್ನು ಎತ್ತಿ ನಿಲ್ಲಿಸಿದರು. ಬೇರೊಬ್ಬರು ಧರೆಯಿಂದ ಮಣ್ಣು ಬಾಚಿ ತಂದು ಡೀಸೆಲ್ಲಿನ ಮೇಲೆ ಸುರಿದರು, ನನ್ನ ಹಿಂದೆ ಬರುವವರಿಗಾಗಿ. ಆ ಮಣ್ಣು ಸುರಿದವರ ನೆನಪು ನನಗೆ ಬಿದ್ದ ನೋವಿಗಿಂತ ಗಟ್ಟಿಯಾಗಿ ಉಳಿದಿದೆ.

ಬೈಕಿನ ಲೋಹದ ಗಾರ್ಡು ಬಾಗಿ, ಕನ್ನಡಿ ಒಡೆದು, ಬ್ರೇಕ್ ಲೀವರಿನ ತುದಿ ಮುರಿದಿತ್ತು. ಎಂಜಿನ್ನಿಗಾಗಲಿ ಟ್ಯಾಂಕಿಗಾಗಲಿ ಏನೂ ಆಗಿರಲಿಲ್ಲ. ಉಜಿರೆಯವರೆಗೆ ಓಡಿಸಿಕೊಂಡೇ ಹೋದೆ. ನನ್ನ ಮೊಣಕೈಗೂ ಏನೂ ಆಗಿರಲಿಲ್ಲ, ಏಕೆಂದರೆ ಜಾಕೆಟ್ಟಿನೊಳಗಿನ ಪ್ಯಾಡು ಏಟು ತಿಂದಿತ್ತು. ಮೊಣಕಾಲಿನ ಕತೆ ಬೇರೆ: ಸೆಕೆ ಎಂದು ಮೊಣಕಾಲಿನ ಕಾಪನ್ನು (ನೀ ಗಾರ್ಡು) ಅಂದು ಬೆಳಿಗ್ಗೆಯೇ ಬಿಚ್ಚಿ ಚೀಲಕ್ಕೆ ಹಾಕಿದ್ದೆ, ಮೂರು ವಾರ ಕುಂಟಿದೆ. ಒಂದೇ ಬೀಳು, ಒಂದೇ ವೇಗ, ಒಂದೇ ನೆಲ. ಕಾಪು ಇದ್ದ ಕೀಲಿಗೂ ಇಲ್ಲದ ಕೀಲಿಗೂ ಆದ ವ್ಯತ್ಯಾಸವನ್ನು ಇದಕ್ಕಿಂತ ಸ್ಪಷ್ಟವಾಗಿ ಯಾರೂ ನನಗೆ ಕಲಿಸಲಾರರು. ಆದ್ದರಿಂದ ಬೈಕಿನ ಬಜೆಟ್ಟು ಹಾಕುವವರು ಜಾಕೆಟ್ಟು, ಗ್ಲೌಸು, ನೀ ಗಾರ್ಡು ಮತ್ತು ಹಿಮ್ಮಡಿಯ ಮೇಲಿನವರೆಗೆ ಮುಚ್ಚುವ ಬೂಟಿಗೆ ಮೊದಲು ಹಣ ತೆಗೆದಿಟ್ಟು, ಮಿಕ್ಕಿದ್ದರಲ್ಲಿ ಬೈಕು ನೋಡಬೇಕು. ಹೆಲ್ಮೆಟ್ಟಿನ ಮೇಲೆ ಐಎಸ್ಐ ಗುರುತು ಮತ್ತು ಐಎಸ್ 4151 ಎಂಬ ಸಂಖ್ಯೆ ಇರಲೇಬೇಕು, ಗದ್ದ ಮುಚ್ಚುವಂತಿರಬೇಕು. ಕಪ್ಪು ವೈಸರು ಚೆಂದ ಕಾಣುತ್ತದೆ, ಆದರೆ ಕಾಡಿನ ದಾರಿಯಲ್ಲಿ ಸಂಜೆ ನಾಲ್ಕಕ್ಕೇ ಅದರ ಹಿಂದೆ ರಾತ್ರಿಯಾಗುತ್ತದೆ. ಮಳೆಯ ಕೋಟಿನ ವಿಷಯದಲ್ಲಿ ನಾನು ಮೋಸಹೋಗಿದ್ದೇನೆ. ಒಂದು ಕಂಪನಿಯ ದುಬಾರಿ ಕೋಟು ಆಗುಂಬೆಯ ಮೊದಲ ಮಳೆಗೇ ಹೊಲಿಗೆಯ ಸಂದಿಯಲ್ಲಿ ಸೋರಿ, ಒದ್ದೆ ಬಟ್ಟೆಯಲ್ಲಿ ಎರಡು ಗಂಟೆ ಓಡಿಸಿದ ಮೇಲೆ ಬೆರಳುಗಳು ಸೆಟೆದು ಕ್ಲಚ್ಚು ಹಿಡಿಯಲಾಗಲಿಲ್ಲ. ಚಳಿ ಕೂಡ ಆ ಅರ್ಧ ಸೆಕೆಂಡನ್ನು ಕದಿಯುತ್ತದೆ. ಕೋಟನ್ನು ಮನೆಯ ಬಚ್ಚಲಿನಲ್ಲಿ ತೊಟ್ಟು, ತಲೆಯ ಮೇಲಿಂದ ನಾಲ್ಕು ಕೊಡ ನೀರು ಹುಯ್ಯಿಸಿಕೊಂಡು ಪರೀಕ್ಷಿಸಿದ ನಂತರವೇ ದಾರಿಗೆ ಒಯ್ಯಬೇಕು.

ಇಷ್ಟೆಲ್ಲ ಅಪಾಯ ಹೇಳಿಯೂ ಪ್ರತಿ ನವೆಂಬರಿನಲ್ಲಿ ಹೊರಡುತ್ತೇನೆ, ಏಕೆಂದರೆ ಕಾರಿನ ಗಾಜಿನ ಹಿಂದೆ ಕುಳಿತವನಿಗೆ ಸಿಗದ ಒಂದು ನಾಡು ಬೈಕಿನವನಿಗೆ ಸಿಗುತ್ತದೆ. ಹೊನ್ನಾಳಿಯ ಸೇತುವೆಯ ಮೇಲೆ ತುಂಗಭದ್ರೆಯ ತಣ್ಣನೆಯ ಗಾಳಿ ತೋಳಿನೊಳಗೆ ನುಗ್ಗುತ್ತದೆ. ಅಡಿಕೆ ಬೇಯಿಸುವ ಕಾಲದಲ್ಲಿ ತೀರ್ಥಹಳ್ಳಿಯ ದಾರಿಯ ಹಳ್ಳಿಗಳಲ್ಲಿ ಹಂಡೆಯಿಂದ ಏಳುವ ಚೊಗರಿನ, ಅಂದರೆ ಅಡಿಕೆ ಬೆಂದ ಕೆಂಪು ನೀರಿನ, ಒಗರು ವಾಸನೆ ಊರು ಕಾಣುವ ಮೊದಲೇ ಮೂಗಿಗೆ ಬರುತ್ತದೆ. ಆಗುಂಬೆಯಿಂದ ಕೆಳಗಿಳಿಯುವಾಗ ಗಾಳಿ ತಿರುವಿನಿಂದ ತಿರುವಿಗೆ ಬೆಚ್ಚಗಾಗುತ್ತ ಹೋಗಿ, ಸೋಮೇಶ್ವರ ತಲುಪುವಷ್ಟರಲ್ಲಿ ಕತ್ತಿನ ಬಳಿ ಬೆವರು ಕಾಣಿಸಿಕೊಳ್ಳುತ್ತದೆ. ಘಟ್ಟದ ಮೇಲಿನ ಸೀಮೆ ಮುಗಿದು ಕರಾವಳಿ ಶುರುವಾದದ್ದನ್ನು ಚರ್ಮವೇ ಹೇಳುತ್ತದೆ. ನಿಂತಲ್ಲೆಲ್ಲ ಜನ ಮಾತಾಡಿಸುತ್ತಾರೆ. "ಯಾವೂರಾತು?" ಎಂಬುದು ಮೊದಲ ಪ್ರಶ್ನೆ, "ಎಷ್ಟು ಕೊಡತ್ತೆ?" ಎಂಬುದು ಎರಡನೆಯದು. ಉತ್ತರ, ಲೀಟರಿಗೆ ಮೂವತ್ತರ ಆಸುಪಾಸು. 15 ಲೀಟರಿನ ಟ್ಯಾಂಕು ತುಂಬಿಸಿದರೆ 400 ಕಿಲೋಮೀಟರ್ ನಿರಾತಂಕ. ಬಂಕುಗಳು ದೂರ ದೂರವಿರುವ ಕುದುರೆಮುಖ, ಕಳಸದ ಕಡೆಗೆ ಇದು ದೊಡ್ಡ ನೆಮ್ಮದಿ.

ಕೊನೆಯ ಐವತ್ತು ಕಿಲೋಮೀಟರಿನ ಸುಖವನ್ನೂ ಹೇಳಬೇಕು. ಮಾಳದಿಂದ ಮೇಲೆ, 1987ರಲ್ಲಿ ರಾಷ್ಟ್ರೀಯ ಉದ್ಯಾನವಾದ ಕಾಡಿನೊಳಗೆ ರಸ್ತೆ ಸುತ್ತುತ್ತ ಏರುತ್ತದೆ. ಕಣಿವೆಗಳಲ್ಲಿ ಮಾತ್ರ ಒತ್ತಾಗಿ ಬೆಳೆದ ಶೋಲಾ ಕಾಡು, ಅದರ ಮೇಲೆ ಬೋಳು ಹುಲ್ಲುಗುಡ್ಡಗಳು, ಸಂಜೆಯ ಬಿಸಿಲಿಗೆ ಜೇನಿನ ಬಣ್ಣ. ಕಬ್ಬಿಣದ ಅದಿರಿನ ಗಣಿಗಾರಿಕೆ 2005ರ ಕೊನೆಗೆ ನಿಂತ ಮೇಲೆ ಕುದುರೆಮುಖ ಊರಿನ ಸದ್ದು ಅಡಗಿದೆ. ಅಲ್ಲಿ ನಲವತ್ತರ ವೇಗದಲ್ಲಿ ನಾಲ್ಕನೆಯ ಗೇರು ಹಾಕಿ ಬಿಟ್ಟರೆ ಬೈಕಿನ ಸದ್ದು ಒಂದು ಮಂದ ತಾಳಕ್ಕೆ ಇಳಿಯುತ್ತದೆ, ಹೆಲ್ಮೆಟ್ಟಿನ ಗಾಜು ಅರ್ಧ ಎತ್ತಿದರೆ ಝರಿಯ ಸದ್ದು ಕೇಳುತ್ತದೆ. ಬೆನ್ನು ನೋಯುತ್ತಿದ್ದರೆ ಇದು ಯಾವುದೂ ಕಾಣುವುದಿಲ್ಲ, ಕಿಲೋಮೀಟರ್ ಕಲ್ಲು ಮಾತ್ರ ಕಾಣುತ್ತದೆ. ಹ್ಯಾಂಡಲ್ಲು ಎತ್ತರದಲ್ಲಿದ್ದು, ಕಾಲಿನ ಪೆಗ್ಗು ಸರಿಯಾಗಿ ಕೆಳಗಿದ್ದು, ನೆಟ್ಟಗೆ ಕುಳಿತು ಬಂದ ಸವಾರನಿಗೆ ಈ ಬೈಕು ಆ ಸಂಜೆಯನ್ನು ಪೂರ್ತಿಯಾಗಿ ಕೈಗೆ ಕೊಡುತ್ತದೆ. ನನ್ನ ಅಳತೆಗೋಲಿನಲ್ಲಿ ಅದು ಗೆಲ್ಲುವುದು ಇಲ್ಲಿಯೇ.

ಹಿಂದಿನ ಸೀಟಿನ ಬಗ್ಗೆ ನನ್ನ ಹೆಂಡತಿಯ ತೀರ್ಪು ಹೀಗಿದೆ: ಸೀಟು ಅಗಲವಾಗಿದೆ, ಎರಡೂ ಕಡೆ ಹಿಡಿದುಕೊಳ್ಳಲು ಸರಳಿದೆ, ಆದರೆ ಬೈಕು ಎತ್ತರವಾದ್ದರಿಂದ ಹತ್ತಿ ಇಳಿಯುವುದು ಕಷ್ಟ, ಚೀಲ ಕಟ್ಟಿದ ಮೇಲೆ ಇನ್ನೂ ಕಷ್ಟ. ಪ್ರತಿ ಎಂಬತ್ತು ಕಿಲೋಮೀಟರಿಗೆ ನಿಲ್ಲಿಸಬೇಕೆಂಬುದು ಆಕೆಯ ಷರತ್ತು. ಆ ಷರತ್ತು ಓಡಿಸುವವನಿಗೂ ಒಳ್ಳೆಯದೆಂದು ತಿಳಿದ ಮೇಲೆ, ಒಬ್ಬನೇ ಹೋಗುವಾಗಲೂ ಅದನ್ನು ಪಾಲಿಸುತ್ತಿದ್ದೇನೆ. ಬೆಂಗಳೂರು ಕಡೆಯಿಂದ ಹೊರಡುವವರು ಇನ್ನೊಂದು ವಿಷಯ ಗಮನಿಸಬೇಕು: ಬೆಂಗಳೂರು ಮೈಸೂರು ಎಕ್ಸ್‌ಪ್ರೆಸ್‌ವೇಯ ಮುಖ್ಯ ರಸ್ತೆಯಲ್ಲಿ 2023ರ ಆಗಸ್ಟ್ 1ರಿಂದ ಬೈಕುಗಳಿಗೆ ಪ್ರವೇಶವಿಲ್ಲ, ಸರ್ವಿಸ್ ರಸ್ತೆಯಲ್ಲಿಯೇ ಹೋಗಬೇಕು, ದಿನದ ಲೆಕ್ಕ ಹಾಕುವಾಗ ಅದಕ್ಕೆ ಹೆಚ್ಚು ಹೊತ್ತು ಇಟ್ಟುಕೊಳ್ಳಬೇಕಾಗುತ್ತದೆ.

ಹೆದ್ದಾರಿಯ ಸವಾರಿಯೇ ಹೆಚ್ಚು ಎನ್ನುವವರಿಗೆ 40 ಅಶ್ವಶಕ್ತಿಯ, ಆರು ಗೇರಿನ ಹೊಸ 450 ಸರಿಯಾದ ಆಯ್ಕೆ. ಘಟ್ಟ, ಹಳ್ಳಿ, ಮುರುಕಲು ರಸ್ತೆಗಳಲ್ಲಿ ದಿನಕ್ಕೆ ಇನ್ನೂರೈವತ್ತು, ಮುನ್ನೂರು ಕಿಲೋಮೀಟರ್ ಸಾಕೆನ್ನುವವರು, ಮೊದಲ ಬಾರಿಗೆ ಪ್ರವಾಸಕ್ಕೆ ಹೊರಡುವವರು, ಸೆಕೆಂಡ್ ಹ್ಯಾಂಡ್ 411ನ್ನು ಧೈರ್ಯವಾಗಿ ಕೊಳ್ಳಬಹುದು. ಎರಡೂ ಚಕ್ರಕ್ಕೆ ಎಬಿಎಸ್ ಇರುವ, 2018ರ ನಂತರದ ಬೈಕನ್ನೇ ಹುಡುಕಬೇಕು. ನೋಡಲು ಹೋದಾಗ ಬಣ್ಣ, ಸ್ಟಿಕ್ಕರು ಬಿಟ್ಟು, ಸೆಂಟರ್ ಸ್ಟ್ಯಾಂಡ್ ಹಾಕಿಸಿ, ಒಬ್ಬರಿಂದ ಹಿಂಬದಿಯನ್ನು ಅದುಮಿಸಿ ಮುಂದಿನ ಚಕ್ರವನ್ನು ನೆಲದಿಂದ ಎತ್ತಿಸಿ, ಹ್ಯಾಂಡಲ್ಲನ್ನು ನಿಧಾನವಾಗಿ ಆ ಕಡೆ ಈ ಕಡೆ ತಿರುಗಿಸಬೇಕು. ನಡುವೆ ಎಲ್ಲಿಯಾದರೂ ಕಚ್ಚಿ ನಿಂತರೆ ಬೇರಿಂಗು ಹಳ್ಳ ಬಿದ್ದಿದೆ ಎಂದು ತಿಳಿಯಬೇಕು. ಆಮೇಲೆ ಚಕ್ರವನ್ನು ಬೆರಳಿನಿಂದ ತಿರುಗಿಸಿಬಿಟ್ಟು ರಿಮ್ಮು ಓಲಾಡುತ್ತದೆಯೇ ನೋಡಿ, ಒಂದು ಸಣ್ಣ ಸ್ಪ್ಯಾನರಿನಿಂದ ಕಡ್ಡಿಗಳನ್ನು ಒಂದೊಂದಾಗಿ ತಟ್ಟುತ್ತ ಬರಬೇಕು. ಬಿಗಿಯಾದ ಕಡ್ಡಿ ಠಣ್ಣೆಂದು ನುಡಿಯುತ್ತದೆ, ಸಡಿಲವಾದದ್ದು ಮಂಕಾಗಿ ಸದ್ದು ಮಾಡುತ್ತದೆ. ಮಂಕಾದವು ಒಂದೇ ಕಡೆ ನಾಲ್ಕೈದು ಸಿಕ್ಕಿದರೆ ಆ ಚಕ್ರ ಯಾವುದೋ ಗುಂಡಿಗೆ ಜೋರಾಗಿ ಬಿದ್ದಿದೆ ಎಂದರ್ಥ. ಬೇರೆ ಬೈಕು ನೋಡುವುದು ಒಳ್ಳೆಯದು.